ನಾನು ಒತ್ತಿದ ಹೆಬ್ಬೆಟ್ಟು

ಮೇ 5, ಸೋಮವಾರ

ಆ್ಯಪ್ ಇವತ್ತೂ ತೆರೆಯಲಿಲ್ಲ. ನನ್ನ ಫೋನು ಹಳೆಯದಂತೆ. ಬೇಸಿಗೆ ರಜೆ ಅನ್ನುವುದು ಹೆಸರಿಗೆ ಮಾತ್ರ. ಮಕ್ಕಳಿಗೆ ರಜೆ, ನಮಗೆ ಮನೆ ಮನೆ ಸಮೀಕ್ಷೆ. ನನ್ನ ಪಾಲಿಗೆ ಮರೋಳದ ನೂರಾ ನಲವತ್ತು ಮನೆ. ಸೂಪರ್‌ವೈಸರ್ ಮುಂದೆ ಫೋನಿನ ಗೋಳು ಹೇಳಿಕೊಂಡರೆ, ಮನೆಯಲ್ಲಿ ಬೇರೆ ಫೋನ್ ಇಲ್ಲವೇ ಟೀಚರ್ ಅಂತ ನನ್ನನ್ನೇ ಕೇಳಿದರು. ಇದೆ. ಅವರದು.

ಅವರು ಸೈನ್ಯದಿಂದ ರಜೆಗೆ ಬಂದು ಹನ್ನೆರಡು ದಿನ. ಮನೆಯಲ್ಲಿ ಇದ್ದದ್ದು ನಾಲ್ಕೇ ದಿನ. ಮಾವನವರಿಗೆ ಬಾಗಲಕೋಟೆಯ ದವಾಖಾನೆಯಲ್ಲಿ ಹರ್ನಿಯಾ ಆಪರೇಶನ್ ಆಗಿದೆ, ತಿಂಗಳು ಹೊರಗೆ ಹೋಗುವಂತಿಲ್ಲ. ಕುರಿ ಯಾರು ಕಾಯಬೇಕು? ಹವಾಲ್ದಾರ ಬೀರಲಿಂಗ ಸಾಹೇಬರು ಬಂದೂಕು ಬಿಟ್ಟು ಕೋಲು ಹಿಡಿದರು. (ಇಲ್ಲಿ ಗಂಡನ ಹೆಸರು ಬರೆದರೆ ಯಾರು ಕೇಳುತ್ತಾರೆ.) ಈಗ ಶಿವಯೋಗ ಮಂದಿರದ ಹತ್ತಿರ, ಹೊಳೆದಂಡೆಯ ಹೊಲಗಳಲ್ಲಿ ಕುರಿ ನಿಲ್ಲಿಸಿದ್ದಾರೆ, ಗೊಬ್ಬರಕ್ಕೆ. ಜೊತೆಗೆ ಚಿಕ್ಕ ಮಾವನ ಮಗ ಆನಂದ. ಹೊಲದಲ್ಲಿ ಚಾರ್ಜ್ ಮಾಡಲು ಕರೆಂಟಿಲ್ಲ ಅಂತ ಇವರ ಫೋನು ಮನೆಯಲ್ಲೇ ಬಿದ್ದಿತ್ತು. ಆನಂದನ ಬಟನ್ ಫೋನಿನಿಂದ ದಿನಾ ಸಂಜೆ ಮಾತು.

ನಿಮ್ಮ ಫೋನ್ ತೆಗೆದುಕೊಂಡೆ ಅಂದಾಗ ನಕ್ಕರು. “ಇಟ್ಕೋ. ಕುರಿಗೇನ್ ವಾಟ್ಸಾಪ್ ಬೇಕಾಗಿಲ್ಲ.”

ಸೂಪರ್‌ವೈಸರ್ ಆ ನಂಬರನ್ನು ಸಮೀಕ್ಷೆ ಗ್ರೂಪಿಗೆ ಹಾಕಿದರು. ಶುರುವಾಯಿತು. ಒಂದೇ ದಿನಕ್ಕೆ ಅರವತ್ನಾಲ್ಕು ಮೆಸೇಜು, ಅರ್ಧ ವಾಯ್ಸ್. ಒಂದೊಂದಕ್ಕೂ ‘ಓಕೆ ಸರ್’ ಅನ್ನಬೇಕು, ಇಲ್ಲ ಮೆಸೇಜಿನ ಮೇಲೆ ಹೆಬ್ಬೆಟ್ಟಿನ ಚಿತ್ರ ಒತ್ತಬೇಕು. ಒತ್ತದಿದ್ದರೆ ನೋಟಿಸ್ ಕೊಡುವ ಧಾಟಿಯಲ್ಲಿ ಫೋನ್. ಸಂಜೆಯ ಹೊತ್ತಿಗೆ ಓದುವುದನ್ನೇ ಬಿಟ್ಟೆ. ಬಂತು, ಒತ್ತು. ಬಂತು, ಒತ್ತು.

ಮೇ 6, ಮಂಗಳವಾರ

ಹತ್ತೊಂಬತ್ತು ಮನೆ ಆದವು. ಸರ್ವರ್ ಮೂರು ಸಲ ಸತ್ತು ಎದ್ದಿತು. ಬಿಸಿಲಿಗೆ ಅಂಗಾಲು ಸುಟ್ಟಿವೆ.

ಟಿವಿಯಲ್ಲಿ ಬರೀ ಯುದ್ಧದ ಸೈರನ್ ಸುದ್ದಿ. ದೀಪ ಆರಿಸುವುದು ಹೇಗೆ, ಎಲ್ಲಿ ಅಡಗುವುದು. ಮಗಳು ಅಂಜನಾ ಊಟದ ತಾಟು ಬಿಟ್ಟು ನೋಡುತ್ತಿದ್ದಳು. ಆರಿಸಿದೆ.

ಸಂಜೆ ಅವರು ಕೇಳಿದರು. “ಯೂನಿಟ್‌ನಿಂದ ಏನರ ಬಂತೇನು?” ಇಲ್ಲ ಅಂದೆ. ಖರೆಯೇ ಇಲ್ಲ. ಬಂದರೆ ತಕ್ಷಣ ಹೇಳು ಅಂದರು. ಹೂಂ ಅಂದೆ.

ಮೇ 7, ಬುಧವಾರ, ಮಧ್ಯಾಹ್ನ 2

ನನ್ನ ಅಕ್ಷರ ನೋಡಿದರೆ ಮೂರನೇ ಈಯತ್ತೆ ಹುಡುಗರದ್ದು ಅನ್ನಬೇಕು.

ಬೆಳಿಗ್ಗೆ ಏಳುವ ಹೊತ್ತಿಗೇ ಸುದ್ದಿ. ನಮ್ಮವರು ಗಡಿಯಾಚೆ ಹೊಡೆದಿದ್ದಾರೆ. ಓಣಿಯವರೆಲ್ಲ ಟಿವಿ ಮುಂದೆ. ನಾನು ಸಮೀಕ್ಷೆಗೆ ಹೋದೆ. ಹೋಗದೆ ಏನು ಮಾಡಲಿ? ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತಿತ್ತು.

ಹನ್ನೊಂದೂವರೆಗೆ ರಾಮವ್ವನ ಕಟ್ಟೆ. ಮನೆಯಲ್ಲಿ ಎಷ್ಟು ಜನ ಅಂತ ಕೇಳುತ್ತಿದ್ದೆ. ಟಿಂಗ್ ಅಂದಿತು. ವಾಯ್ಸ್ ಮೆಸೇಜು. ನೋಡದೆ ಹೆಬ್ಬೆಟ್ಟು ಒತ್ತಿದೆ. ಆಮೇಲೆ, ಸೂಪರ್‌ವೈಸರ್ ಮತ್ತೇನು ಬೊಗಳುತ್ತಾರೋ ಕೇಳೋಣ ಅಂತ ಹಚ್ಚಿದೆ. ಹಿಂದಿ. ಗಂಭೀರ ದನಿ. ಗ್ರೂಪಿನ ಹೆಸರು ನೋಡಿದೆ. ನಮ್ಮದಲ್ಲ. ಅವರ ಪಲ್ಟನ್ನಿನದು. ಮಾತಾಡುತ್ತಿದ್ದವರು ಇಡೀ ಪಲ್ಟನ್ನಿನ ಮುಖ್ಯಸ್ಥರು, ಸಿ.ಓ. ಸಾಹೇಬರು.

ಹಿಂದಿ ಕಲಿಸುವವಳು ನಾನು. ಒಂದಕ್ಷರ ಬಿಡದೆ ತಿಳಿಯಿತು. ಬರೆದಿಡುತ್ತೇನೆ.

“ಜೈ ಹಿಂದ್. ರಜೆ ರದ್ದಾದ ಹುಕುಂ ಕಾಗದದಲ್ಲಿ ಬರುತ್ತದೆ, ಅದು ಆಫೀಸಿನ ಕೆಲಸ. ನಾನು ಹೇಳುವುದು ಬೇರೆ. ನಮ್ಮಲ್ಲಿ ಯಾರ ಜಾಗವೂ ಖಾಲಿ ಇರುವುದಿಲ್ಲ. ನೀನು ಬರದಿದ್ದರೆ, ತನ್ನ ಪಾಳಿ ಮುಗಿಸಿದವನು ನಿನ್ನ ಪಾಳಿಗೂ ನಿಲ್ಲುತ್ತಾನೆ. ನಿದ್ದೆಗೆಟ್ಟು ನಿಲ್ಲುತ್ತಾನೆ. ತಡ ಯಾಕಾಯಿತು ಅಂತ ನಾನು ಕೇಳುವುದಿಲ್ಲ. ಅಪ್ಪನಿಗೆ ಹುಷಾರಿಲ್ಲ, ತಂಗಿಯ ಮದುವೆ, ಎಲ್ಲ ನಿಜವೇ ಇರುತ್ತದೆ. ನೀನು ಉತ್ತರ ಹೇಳಬೇಕಾದ್ದು ನನಗಲ್ಲ, ನಿನ್ನ ಜಾಗದಲ್ಲಿ ನಿಂತವನಿಗೆ. ದೇಶದ ಜವಾಬ್ದಾರಿ ದೊಡ್ಡ ಮಾತು, ಅದನ್ನು ನನಗೆ ಬಿಡಿ. ನಿಮ್ಮ ಪಕ್ಕದವನ ಜವಾಬ್ದಾರಿ ನಿಮ್ಮದು. ಬರುವವರು ಈಗಲೇ ತಿಳಿಸಿ. ತಿಳಿಸಿದವರನ್ನು ನಂಬಿ ಪಾಳಿ ಹಚ್ಚುತ್ತೇನೆ.”

ಇಷ್ಟೇ. ಕೂಗಾಟ ಇಲ್ಲ. ಕೂಗಿದ್ದರೆ ಚೆನ್ನಾಗಿತ್ತು.

ರಾಮವ್ವನಿಗೆ ಹಿಂದಿ ಬರುವುದಿಲ್ಲ. ಯಾರವ್ವಾ ಅದು, ಭಾಳ ಚಲೋ ಮಾತಾಡ್ತಾರ ಅಂದಳು. ಮೇಲಿನ ಸಾಹೇಬರು ಅಂದೆ. ಆಕೆಯ ಮನೆಯ ಐದು ಜನರ ಹೆಸರು, ವಯಸ್ಸು ಎಲ್ಲ ಬರೆದುಕೊಂಡೆ. ಹೇಗೆ ಬರೆದೆನೋ.

ಓಣಿ ತಿರುಗಿದ ಮೇಲೆ ಹೆಬ್ಬೆಟ್ಟು ತೆಗೆದೆ. ತೆಗೆದರೇನು? ಕೆಳಗೆ ಕ್ಲರ್ಕು ಆಗಲೇ ಬರುವವರ ಪಟ್ಟಿ ಹಾಕಿದ್ದ. ನಾಲ್ಕನೆಯ ಹೆಸರು ಹವಾಲ್ದಾರ ಬೀರಲಿಂಗ.

ಅದೇ ದಿನ, ಸಂಜೆ

ಏಳು ಗಂಟೆಗೆ ಫೋನ್ ಬಂತು. ಬದಾಮಿಗೆ ಹೋಗಿ ಬಂದ ಯಾರೋ ಯುದ್ಧದ ಸುದ್ದಿ ಹೇಳಿದ್ದಾರೆ. “ಏನರ ಬಂತೇನು?”

ಇಲ್ಲ ಅಂದುಬಿಟ್ಟೆ.

ಯೋಚಿಸಿ ಹೇಳಿದ್ದಲ್ಲ. ಬಾಯಿ ತಾನೇ ಹೇಳಿತು. ಆದರೆ ಆಮೇಲೆ ಐದು ನಿಮಿಷ ಮಾತಾಡಿದೆ, ಆಗ ಹೇಳಬಹುದಿತ್ತು. ಹೇಳಲಿಲ್ಲ. ಅದು ಯೋಚಿಸಿಯೇ.

ಮೂರು ವರ್ಷದ ಹಿಂದೆ ತಾಲೂಕಿನ ಒಬ್ಬ ಸೈನಿಕನ ಪೆಟ್ಟಿಗೆ ಹುನಗುಂದಕ್ಕೆ ಬಂದಾಗ ಮಕ್ಕಳನ್ನು ಸಾಲಾಗಿ ರಸ್ತೆಗೆ ನಿಲ್ಲಿಸಿದವಳು ನಾನೇ. ಕೈಗೆ ಕಾಗದದ ಬಾವುಟ ಕೊಟ್ಟು, ಹೂವು ಹೇಗೆ ಹಾಕಬೇಕು ಅಂತ ಕಲಿಸಿ. ಆತನ ಹೆಂಡತಿಯನ್ನು ಇಬ್ಬರು ಹಿಡಿದುಕೊಂಡಿದ್ದರು. ಆಕೆಗೆ ಒಂದು ಕಾಲಲ್ಲಿ ಮಾತ್ರ ಚಪ್ಪಲಿ. ಅದೇ ಕಣ್ಣ ಮುಂದೆ ಬರುತ್ತಿದೆ. ನನಗೆ ಬೇಡ. ಯಾವ ಮರ್ಯಾದೆಯೂ ಬೇಡ. ಗಂಡ ಬೇಕು. ಎರಡು ದಿನ ತಡೆದರೆ ಇದೆಲ್ಲ ನಿಂತೀತು, ಟಿವಿಯವರೂ ಹಾಗೇ ಅನ್ನುತ್ತಿದ್ದಾರೆ. ಎರಡೇ ದಿನ.

ಮೇ 8, ಗುರುವಾರ, ಸಂಜೆ 5

ಬೆಳಗಿನಿಂದ ಪಲ್ಟನ್ ಆಫೀಸಿನ ನಂಬರಿನಿಂದ ಆರು ಕರೆ. ಎತ್ತಲಿಲ್ಲ. ಏಳನೆಯದು ಇಳಕಲ್‌ನ ತಬಸುಮಳದು. ದಾವಲಸಾಬನ ಹೆಂಡತಿ. ಆತನೂ ಇವರೂ ಒಂದೇ ವರ್ಷ ಭರ್ತಿಯಾದವರು, ಒಂದೇ ಪೋಸ್ಟಿನವರು. ಇವರು ತಿರುಗಿ ಹೋದ ಮೇಲೆ ದಾವಲ್ ಭಾಯಿಗೆ ರಜೆ ಅಂತ ಮಾತಾಗಿತ್ತು. ಎತ್ತಿದೆ. ಎತ್ತದಿರಲು ಆಗಲಿಲ್ಲ.

ಅಣ್ಣ ಹೊರಟನೇ ಅಂತ ಕೇಳಿದಳು. ಬರುತ್ತಾನೆ ಅಂತ ಅಲ್ಲಿ ಪಟ್ಟಿಯಾಗಿದೆಯಂತೆ, ದಾವಲ್ ಹೇಳಿದನಂತೆ.

ಹೂಂ, ನಿನ್ನೆ ಸಂಜೆಯೇ ಹೋದರು ಅಂದೆ.

ಆ ಕಡೆ ಅವಳು ಉಸಿರು ಬಿಟ್ಟದ್ದು ಕೇಳಿಸಿತು. ಅಲ್ಲಾ ನಿಮ್ಮನ್ನು ಚೆನ್ನಾಗಿಡಲಿ ಭಾಭಿ ಅಂದಳು. ಒಂದು ಸುಳ್ಳು ಮುಚ್ಚಲು ಇನ್ನೊಂದು. ಮಕ್ಕಳಿಗೆ ಇದನ್ನೇ ನೀತಿ ಪಾಠ ಅಂತ ಹೇಳುತ್ತೇನೆ, ನಾಚಿಕೆಗೇಡು.

ಸಂಜೆ 7.30

ಇವತ್ತು ಅವರು ಬಿಡಲಿಲ್ಲ. ಎಲ್ಲರ ರಜೆ ರದ್ದಾಗಿದೆ ಅಂತ ರೇಡಿಯೋದಲ್ಲಿ ಬಂತಂತೆ, ನನಗೊಬ್ಬನಿಗೇ ಯಾಕೆ ಬರಲಿಲ್ಲ ಅಂತ ಕೇಳಿದರು. ನೆಟ್‌ವರ್ಕ್ ಅಂದೆ, ಸರ್ವರ್ ಅಂದೆ. ಅವ್ವಗ ಫೋನ್ ಕೊಡು ಅಂದರು.

ಅತ್ತೆ ಸಾವಂತ್ರವ್ವ ಮಾತಾಡಿ, ದೇವರ ಜಗಲಿಯಿಂದ ಮನೆದೇವರು ಬೀರಪ್ಪನ ಭಂಡಾರದ ಬಟ್ಟಲು ತಂದು ನನ್ನ ಮುಂದೆ ಹಿಡಿದರು. ಹಳದಿ ಪುಡಿ. ನಮ್ಮ ಮನೆತನದಲ್ಲಿ ಅದನ್ನು ಮುಟ್ಟಿ ಆಡಿದ ಮಾತಿಗೆ ಎರಡನೇ ಪ್ರಶ್ನೆ ಇಲ್ಲ. ಹೊಲದ ಜಗಳ, ಕುರಿ ಕಳವು, ಎಲ್ಲ ಅಲ್ಲಿಗೇ ಮುಗಿಯುತ್ತದೆ.

“ತಪ್ಪ ತಿಳೀಬ್ಯಾಡವಾ,” ಅಂದರು ಅತ್ತೆ. “ಅವಗ ಸಮಾಧಾನ ಇಲ್ಲ. ಮುಟ್ಟಿ ಹೇಳಿಬಿಡು.”

ಮುಟ್ಟಿದೆ. ಏನೂ ಬಂದಿಲ್ಲ ಅಂದೆ. ಫೋನಿನ ಆ ಕಡೆಯಿಂದ, ಹಂಗಾರ ಆತು ಬಿಡು ಅಂದರು. ನಂಬಿದರು.

ಬೆರಳಿನ ಹಳದಿ ತೊಳೆದರೂ ಹೋಗಿಲ್ಲ. ಅಂಜನಾಳಿಗೆ ಎಡಗೈಯಿಂದ ತುತ್ತು ಕೊಡಲು ಹೋದೆ. ಯಾಕವ್ವಾ ಅಂತ ಕೇಳಿದಳು.

ಮೇ 9, ಶುಕ್ರವಾರ, ಬಸ್ಸಿನಲ್ಲಿ

ಅಮೀನಗಡ ದಾಟಿತು. ಬದಾಮಿ ಬಸ್ಸು. ಅಕ್ಷರ ಕುಣಿಯುತ್ತಿವೆ.

ಬೆಳಿಗ್ಗೆ ಫೋನ್ ತೆರೆದರೆ ದಾವಲ್ ಭಾಯಿಯ ವಾಯ್ಸ್. ಕನ್ನಡ. ಹಿಂದೆ ಗಾಳಿಯ ಸದ್ದು. “ಬೀರು, ಎಲ್ಲಿ ಮುಟ್ಟೀಲೇ? ನಿನ್ನ ಹೆಸರು ಇವತ್ತ ಸಂಜಿ ಆರಕ್ಕ ಹಚ್ಯಾರ. ನೀ ಬರ್ತಿ ಅಂತ ಹೇಳಿ ಮೂರನೇದವ್ನ ಬ್ಯಾರೆ ಕಡೆ ಕಳಿಸ್ಯಾರ. ನಾ ಒಬ್ಬನ ಅದೀನಿ. ಕಣ್ಣು ಉರಿಯಾಕತ್ತಾವ. ಜಲ್ದಿ ಬಾ.”

ಹೆಬ್ಬೆಟ್ಟು ಒತ್ತದೇ ಇದ್ದಿದ್ದರೆ ಬರುವುದಿಲ್ಲ ಅಂದುಕೊಂಡು ಮೂರನೆಯವನನ್ನು ಉಳಿಸಿಕೊಳ್ಳುತ್ತಿದ್ದರು. ಒತ್ತಿ, ಕಳಿಸಿದ್ದರೆ ಇವರು ಸಂಜೆಗೆ ಅಲ್ಲಿರುತ್ತಿದ್ದರು. ನಾನು ಎರಡನ್ನೂ ಮಾಡಿದೆ. ಬರುತ್ತೇನೆ ಅಂತ ಹೇಳಿಸಿ, ಹೋಗದ ಹಾಗೆ ಹಿಡಿದಿಟ್ಟೆ. ವೈರಿ ಕೂಡ ಇಷ್ಟು ಅಚ್ಚುಕಟ್ಟಾಗಿ ಮಾಡುತ್ತಿರಲಿಲ್ಲ.

ಆನಂದನ ನಂಬರು ಹತ್ತುತ್ತಿಲ್ಲ. ಹತ್ತಿದರೂ ಫೋನಿನಲ್ಲಿ ಹೇಗೆ ಹೇಳಲಿ? ಸಮೀಕ್ಷೆಗೆ ಹೋಗಿಲ್ಲ. ಸೂಪರ್‌ವೈಸರ್ ಒದರುತ್ತಿದ್ದಾರೆ. ಒದರಲಿ.

ಈ ಬಸ್ಸು ಯಾಕೆ ಪ್ರತಿ ಹುಣಸೆ ಮರಕ್ಕೂ ನಿಲ್ಲುತ್ತದೆ?

ಮೇ 10, ಶನಿವಾರ, ಬೆಳಿಗ್ಗೆ, ಹೊಳೆದಂಡೆ

ಸಮೀಕ್ಷೆಯ ನೋಟ್‌ಬುಕ್ಕಿನ ಹಿಂದಿನ ಪುಟ. ಬೇರೆ ಹಾಳೆ ಇಲ್ಲ. ಸುತ್ತ ನೂರಾ ಎಂಬತ್ತು ಕುರಿ.

ನಿನ್ನೆ ನಾನು ಹೋದಾಗ ಅವರು ಒಂದು ಮರಿಯ ಗೊರಸಿನಿಂದ ಮುಳ್ಳು ತೆಗೆಯುತ್ತಿದ್ದರು. ನನ್ನನ್ನು ನೋಡಿ, ಅಪ್ಪಗ ಏನಾತು ಅಂತ ಎದ್ದರು. ಅವರಿಗೆ ಬಂದ ಮೊದಲ ಭಯ ಅದು. ಏನೂ ಆಗಿಲ್ಲ ಅಂದು ಫೋನ್ ಕೈಗಿಟ್ಟೆ. ಸಾಹೇಬರದನ್ನು ಕೇಳಿದರು. ದಾವಲ್ ಭಾಯಿಯದನ್ನು ಕೇಳಿದರು. ಮತ್ತೆ ಸಾಹೇಬರದು. ಮರಿ ಕಾಲಡಿಯಲ್ಲಿ ಅರಚುತ್ತಿತ್ತು.

“ಎಂದು ಬಂದದ್ದಿದು?”

ಬುಧವಾರ ಅಂದೆ.

“ಹೆಬ್ಬೆಟ್ಟು?”

ನಾನೇ ಒತ್ತಿದ್ದು, ನಮ್ಮ ಗ್ರೂಪ್ ಅಂತ ತಿಳಿದು ಒತ್ತಿದೆ ಅಂದೆ. ಭಂಡಾರದ ಮಾತು ನಾನೇ ಎತ್ತಿದೆ. ಅವರು ಎತ್ತಲಿಲ್ಲ. ಅಳುತ್ತ ಕಾಲು ಹಿಡಿದೆ. ಬೈರಿ, ಹೊಡೀರಿ, ಏನರ ಅನ್ರಿ ಅಂದೆ. ಅವರು ಕಾಲು ಬಿಡಿಸಿಕೊಂಡು, “ಅದಕ್ಕೂ ಟೈಮ್ ಇಲ್ಲ” ಅಂದರು. ಹೊಳೆಯಲ್ಲಿ ಕೈಕಾಲು ತೊಳೆದು ಅಂಗಿ ಹಾಕಿಕೊಂಡರು.

ತಡ ಯಾಕಾಯಿತು ಅಂದರೆ ಹೆಂಡತಿ ಮುಚ್ಚಿಟ್ಟಳು ಅಂತ ಹೇಳಿರಿ, ನಾನು ಬರೆದು ಸಹಿ ಮಾಡಿ ಕೊಡುತ್ತೇನೆ ಅಂದೆ. ತಲೆ ಅಲ್ಲಾಡಿಸಿದರು.

“ಫೋನ್ ನಂದು. ಬಿಟ್ಟು ಬಂದಾಂವ ನಾ. ಸಾಹೇಬ್ರು ಕೇಳಂಗಿಲ್ಲ ಅಂತ ಅವ್ರ ಹೇಳ್ಯಾರ. ದಾವಲ್ ಕೇಳ್ತಾನ. ಅವಗ ನಾ ಹೇಳ್ತೇನಿ. ನಿನ್ನ ಮಾತು ನೀ ಎಲ್ಲಿ ಹೇಳ್ಬೇಕೋ ಅಲ್ಲಿ ಹೇಳು.”

ನಾನು ಜೊತೆಗೆ ಹೊರಟಾಗ ತಡೆದರು. ಆನಂದ ಒಬ್ಬನಿಂದ ಇಷ್ಟು ಕುರಿ ಆಗುವುದಿಲ್ಲ, ಅಪ್ಪ ಯಾರನ್ನಾದರೂ ಕಳಿಸುವ ತನಕ ನೀನು ನಿಲ್ಲು ಅಂದು ಕಂಬಳಿ, ಕೋಲು ಕೈಗೆ ಕೊಟ್ಟರು. ಬದಾಮಿ ರಸ್ತೆ ಹಿಡಿದು ಓಡುತ್ತಲೇ ಹೋದರು. ತಿರುಗಿ ನೋಡಲಿಲ್ಲ.

ನಿನ್ನೆ ಸಂಜೆ ಬಿಸಿಲು ಇಳಿದಾಗ ಗಡಿಯಾರ ನೋಡಿದೆ. ಆರು. ಅವರ ಪಾಳಿ. ಅವರು ಆಗ ಯಾವ ಬಸ್ಸಿನಲ್ಲಿದ್ದರೋ.

ಮೇ 10, ಸಂಜೆ

ನಿಂತಿತಂತೆ! ಹೊಲದ ಒಡತಿ ಭಾಗೀರಥೀಬಾಯಿಯವರು ಬದುವಿನ ಮೇಲಿಂದಲೇ ಕೂಗಿ ಹೇಳಿದರು. ಐದು ಗಂಟೆಯಿಂದ ಗುಂಡು ಹಾರಿಸುವುದು ಬಂದ್. ಇನ್ನಾದರೂ ನಗು ತಾಯಿ ಅಂದು ರೊಟ್ಟಿ, ಝುಣಕ ಕೊಟ್ಟರು. ನಿನ್ನೆಯಿಂದ ತಿಂದಿರಲಿಲ್ಲ. ಮೂರು ರೊಟ್ಟಿ ತಿಂದೆ, ಅಳುತ್ತಲೇ ತಿಂದೆ.

ಅವರು ಇನ್ನೂ ದಾರಿಯಲ್ಲಿದ್ದಾರೆ. ಮುಟ್ಟುವ ಮೊದಲೇ ನಿಂತಿತು. ಎಲ್ಲರೂ ಉಳಿದರು. ನಾನು ಮಾಡಿದ್ದು ತಪ್ಪೇ, ಆದರೆ ಯಾರಿಗೂ ಏನೂ ಆಗಲಿಲ್ಲವಲ್ಲ. ಬೀರಪ್ಪಾ, ನಿನ್ನ ಗುಡಿಗೆ ಬರಿಗಾಲಲ್ಲಿ ಬರುತ್ತೇನೆ. ಸಮೀಕ್ಷೆಯ ಅರವತ್ತು ಮನೆಯ ಮಾಹಿತಿ ಆ ಫೋನಿನಲ್ಲೇ ಗಡಿಗೆ ಹೊರಟಿದೆ, ಸೂಪರ್‌ವೈಸರ್ ಬೇಕಾದರೆ ಅಲ್ಲಿಗೇ ಹೋಗಿ ತರಲಿ.

ಮೇ 11, ಭಾನುವಾರ, ರಾತ್ರಿಯ ಊಟದ ಮೊದಲು

ಮಧ್ಯಾಹ್ನ ಮಾವ ಕಳಿಸಿದ ಆಳು ಬಂದ. ಮನೆಗೆ ಬಂದೆ. ಬರುವಷ್ಟರಲ್ಲಿ ಅವರ ಫೋನ್. ಯಾವುದೋ ಸ್ಟೇಶನ್ನು. ಗದ್ದಲ.

ದಾವಲ್ ಭಾಯಿಗೆ ತಗಲಿದೆ. ಒಂಬತ್ತನೇ ತಾರೀಖಿನ ಸಂಜೆ, ಏಳೂವರೆಗೆ. ಹೊಟ್ಟೆಗೆ ಮತ್ತು ತಲೆಗೆ ಸಿಡಿದ ಶೆಲ್ಲಿನ ಚೂರು. ಉಸಿರಿದೆ, ಎಚ್ಚರ ಇಲ್ಲ.

ಆರಕ್ಕೆ ಅವನ ಪಾಳಿ ಮುಗಿದಿತ್ತು.

ಅವರು ಹೇಳಿದ್ದು ಇಷ್ಟೇ. ರೈಲು ಸೀಟಿ ಹೊಡೆಯಿತು, ಇಟ್ಟರು.

ಮೇ 12, ಸೋಮವಾರ

ಬರೆಯಲು ಏನೂ ಇಲ್ಲ. ಬರೆಯದಿದ್ದರೆ ತಲೆ ಸಿಡಿಯುತ್ತದೆ.

ಸಾಹೇಬರ ದನಿ ಬಿಡುತ್ತಿಲ್ಲ. ನಿನ್ನ ಜಾಗದಲ್ಲಿ ನಿಂತವನಿಗೆ ಉತ್ತರ ಹೇಳು. ಅವನು ಕಣ್ಣೇ ತೆರೆಯದಿದ್ದರೆ ಯಾರಿಗೆ ಹೇಳಲಿ?

ಅತ್ತೆಗೆ ಎಲ್ಲ ಹೇಳಿದೆ. ಮನೆಯಿಂದ ಹೊರಹಾಕುತ್ತಾರೆ ಅಂದುಕೊಂಡಿದ್ದೆ, ಹಾಕಿದ್ದರೆ ಒಳ್ಳೆಯದಿತ್ತು. ಅವರು ಬಹಳ ಹೊತ್ತು ಜೋಳ ಹಸನು ಮಾಡುತ್ತ ಕೂತರು. ನಾನು ಭಂಡಾರಕ್ಕೆ ಏನು ಪ್ರಾಯಶ್ಚಿತ್ತ, ಯಾವ ಪೂಜಾರಿಯನ್ನು ಕೇಳಲಿ ಅಂದೆ. ಮೊರ ಕೆಳಗಿಟ್ಟರು.

“ಬೀರಪ್ಪಂದು ಬೀರಪ್ಪ ನೋಡ್ಕೋತಾನ. ನೀ ಸುಳ್ಳು ಹೇಳಿದ್ದು ಆ ತಬಸುಮಗೂ ಹೌದಲ್ಲ? ಮೊದಲ ಆಕೀ ಕಡೆ ಹೋಗು.”

ನನ್ನಿಂದ ಆಗುವುದಿಲ್ಲ ಅಂದೆ. ಅತ್ತೆ ಮತ್ತೆ ಮೊರ ಎತ್ತಿಕೊಂಡರು. “ಅವನೂ ಕಣ್ಣು ಉರಿಯಾಕತ್ತಾವ ಅಂದಿದ್ನಂತ. ನಿಂತಿದ್ದ.”

ಮೇ 13, ಮಂಗಳವಾರ, ಇಳಕಲ್, ಸಂಜೆ 5

ತಬಸುಮಳ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಮುಂದಿನ ಕೋಣೆ. ಮಗ್ಗಕ್ಕೆ ನೂಲು ಸುತ್ತುವ ಚರಕ ಮೂಲೆಯಲ್ಲಿ. ಬಾಗಿಲ ಹತ್ತಿರ ತುಂಬಿದ ಬ್ಯಾಗು. ನಾಳೆ ಬೆಳಿಗ್ಗೆ ಮೈದುನನ ಜೊತೆ ಮಿಲಿಟರಿ ದವಾಖಾನೆಗೆ ಹೊರಡುತ್ತಾಳೆ. ದಾವಲ್ ಭಾಯಿ ಇನ್ನೂ ಕಣ್ಣು ತೆರೆದಿಲ್ಲ.

ಒಳಗೆ ಕಾಲಿಟ್ಟ ತಕ್ಷಣ ಅವಳು ನನ್ನನ್ನು ತಬ್ಬಿಕೊಂಡಳು. ಹೇಳಬೇಕೆಂದು ಬಾಯಿ ತೆರೆದೆ. ಅವಳೇ ಮೊದಲು ಮಾತಾಡಿದಳು.

“ಭಾಭಿ, ಖರೆ ಹೇಳ್ತೇನಿ. ಅಣ್ಣ ಹೊರಟಾನ ಅಂತ ನೀವು ಅಂದ ದಿನದಿಂದ ನಾ ಹೊಟ್ಟಿತುಂಬ ಉಂಡೀನಿ. ಇನ್ನ ಅಂವಾ ಒಬ್ಬನ ಇಲ್ಲ ಅಂತ. ಬಿದ್ದಾಗ ಎತ್ತಿಕೊಂಡಾಂವ ಅಣ್ಣನ ಇರಬೇಕು, ಹೌದಲ್ಲ? ಆಗ ಏನರ ಅಂದ್ನಾ? ನನಗ, ಮಕ್ಕಳಿಗೆ, ಏನರ? ಅಣ್ಣನ್ನ ಕೇಳಿ ಹೇಳ್ರಿ. ಒಂದ ಮಾತು ಸಾಕು.”

ಅಷ್ಟರಲ್ಲಿ ಬಾಂಗು ಕೇಳಿಸಿತು. ನಮಾಜು ಮುಗಿಸಿ ಬರ್ತೇನಿ, ಐದು ನಿಮಿಷ ಕುಂಡ್ರಿ ಅಂತ ಒಳಗೆ ಹೋದಳು. ಪರದೆಯ ಕೆಳಗೆ ಅವಳ ಪಾದ ಕಾಣುತ್ತಿವೆ.

ಬಾಗಿಲು ತೆರೆದೇ ಇದೆ. ಎದ್ದು ಹೋಗಬಹುದು. ಹುನಗುಂದದ ಬಸ್ಸು ಐದೂಕಾಲಿಗೆ.

ಇಲ್ಲವೇ, ನಿನ್ನ ಹೆಸರು ಹಿಡಿದು ಕರೆದನಂತೆ ಅಂದರೂ ಸಾಕು. ಅವಳಿಗೆ ಎಷ್ಟು ಸಮಾಧಾನವಾದೀತು! ಆ ಮಾತು ಆಗಲೇ ನಾಲಿಗೆಯ ತುದಿಗೆ ಬಂದು ಕೂತಿದೆ. ಎಷ್ಟು ಸುಲಭ. ಇಷ್ಟು ದಿನ ಎಲ್ಲ ಹೀಗೇ ಸುಲಭವಾಗಿಯೇ ಬಂದವು.

ನನ್ನ ಬಾಯಿಯ ಮೇಲೆ ನನಗೆ ನಂಬಿಕೆ ಉಳಿದಿಲ್ಲ. ಅದಕ್ಕೇ ಮೊದಲ ಮಾತು ಇಲ್ಲಿ ಬರೆದುಕೊಳ್ಳುತ್ತೇನೆ. ಕಡೆಗೆ ನೋಡಿಕೊಂಡಾದರೂ ಓದುತ್ತೇನೆ.

ಪರದೆ ಅಲುಗಾಡಿತು. ಬಂದಳು.

ತಬಸುಮ, ಅವರು ಅಲ್ಲಿ ಇರಲಿಲ್ಲ. ಹೋಗದ ಹಾಗೆ ಮಾಡಿದವಳು ನಾ